“ಕೆರ್ಕತದಾ ಅಂತ ಕೇಳುದ್ರಾ?”

ನಾಯಿಗೆ ಕೂದಲು ಉದುರುತ್ತಿದೆ ಎಂದು ಬರುವವರಲ್ಲಿ ಮುಕ್ಕಾಲು ಪಾಲು ಜನ ನನ್ನ ಮುಖ ನೋಡುವುದಿಲ್ಲ, ಔಷಧಿ ಇಡುವ ಬೀರು ನೋಡುತ್ತಾರೆ. ಹೋದ ತಿಂಗಳು ಶ್ರೀರಂಗಪಟ್ಟಣದ ನಮ್ಮ ಪಶು ಆಸ್ಪತ್ರೆಗೆ ಒಬ್ಬರು ಹಾಗೇ ಬಂದರು. ಕರಿಘಟ್ಟದ ರಸ್ತೆಯಲ್ಲಿ ಹೊಸದಾಗಿ ಮನೆ ಕಟ್ಟಿಸಿದವರು. ಜೊತೆಯಲ್ಲಿ ಸೊಂಟದ ಮೇಲೆಲ್ಲ ಬೋಳಾದ ಒಂದು ಲ್ಯಾಬ್ರಡಾರ್ ನಾಯಿ. “ಒಂದು ಇಂಜೆಕ್ಷನ್ ಹಾಕ್ಬುಡಿ ಮೇಡಂ, ಬೇಗ ಹೋಗ್ಬೇಕು” ಅಂದರು. ನನಗೂ ಅವತ್ತು ಸಾಕಾಗಿತ್ತು. ಸಿರಿಂಜಿಗೆ ಔಷಧಿ ಎಳೆದುಕೊಂಡಿದ್ದೆ. ಅಷ್ಟರಲ್ಲಿ ಫೋನು ಬಂತು. ಪಾಂಡವಪುರ ಕಡೆ ನನ್ನ ಜೊತೆ ಕೆಲಸ ಮಾಡಿದ್ದ ಹುಡುಗಿ. “ಆಚಾರ್ರು ಹೋಗ್ಬುಟ್ರು ಮೇಡಂ, ಬೆಳಿಗ್ಗೆ” ಎಂದಳು.

ನಾನು ಸಿರಿಂಜು ಕೆಳಗಿಟ್ಟೆ. ನಾಯಿಯ ಕಿವಿಯ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ತಿಕ್ಕಿದೆ. ಅದು ಸುಮ್ಮನೆ ನಿಂತಿತ್ತು. “ಎಲ್ಲಿಂದ ಶುರುವಾಯ್ತು? ಕೆರೆದುಕೊಳ್ಳುತ್ತದಾ? ಮನೆಯಲ್ಲಿ ಯಾರಿಗಾದರೂ ತುರಿಕೆ ಇದೆಯಾ?” ಎಂದು ಕೇಳಿದೆ. “ಅದೆಲ್ಲ ಯಾಕೆ ಮೇಡಂ ಈಗ” ಎಂದು ಅವರು ಗಡಿಯಾರ ನೋಡಿಕೊಂಡರು. “ಕೂತ್ಕೊಳ್ಳಿ” ಅಂದೆ. ನನ್ನ ದನಿಗೆ ನಾಯಿಯೂ ಕೂತಿತು.

ಆಚಾರ್ರು ಪಾಂಡವಪುರ ಕಡೆಯ ನನ್ನ ಮೊದಲ ಆಸ್ಪತ್ರೆಯ ಕಾಂಪೌಂಡರು. ಅವರ ಹೆಸರು ಬರೆಯುವುದಿಲ್ಲ, ಬರೆದಿದ್ದರೆ ಅವರೇ ಬೈಯುತ್ತಿದ್ದರು. ಅಕ್ಕಸಾಲಿಗರ ಮನೆಯವರು, ಹಾಗಾಗಿ ಊರಿಗೆಲ್ಲ ಆಚಾರ್ರು. ಅಪ್ಪ ಚಿನ್ನದ ಕೆಲಸ ಮಾಡುತ್ತಿದ್ದರಂತೆ, ಅಣ್ಣನೂ ಅದೇ ಅಂಗಡಿಯಲ್ಲಿ ಕೂತ. ಇವರು ಮಾತ್ರ ಸರ್ಕಾರಿ ಕೆಲಸ ಹಿಡಿದು ಸಗಣಿ ಗಂಜಲದ ಕಡೆ ಬಂದರು. ಕುಳ್ಳಗೆ, ಕಪ್ಪಗೆ, ಗಟ್ಟಿ ಆಳು. ಅಂಗಿಯ ಜೇಬಿನಲ್ಲಿ ಯಾವಾಗಲೂ ಅಪ್ಪನ ಭೂತಗನ್ನಡಿ, ಅಕ್ಕಸಾಲಿಗರು ಕಣ್ಣಿಗೆ ಕಚ್ಚಿಸಿಕೊಂಡು ನೋಡುತ್ತಾರಲ್ಲ, ಅದು. ಮೂಗುತಿಯ ಹರಳು ನೋಡುವ ಆ ಗಾಜಿನಲ್ಲಿ ಇವರು ನಾಯಿಯ ಕೂದಲು ನೋಡುತ್ತಿದ್ದರು.

ನಾನು ನಾಗಮಂಗಲ ಕಡೆಯ ಬೇಸಾಯಗಾರರ ಮನೆಯವಳು. ಹಸು, ಎಮ್ಮೆ, ಕುರಿ ಅಂದರೆ ಗೌರವ. ನಾಯಿ ಅಂದರೆ ಹಿತ್ತಲಲ್ಲಿ ಬಿದ್ದಿರುವ ಒಂದು ಜೀವ, ಅಷ್ಟೆ. ಡಾಕ್ಟರಾಗಿ ಸೇರಿದ ಮೊದಲ ದಿನವೇ ಆಚಾರ್ರು ಎಡ ಮುಂಗೈ ಚಾಚಿ ನನ್ನ ಮುಂದೆ ನಿಂತರು. ಅಲ್ಲಿ ಒಂದು ನುಣ್ಣನೆಯ ಬೋಳು ಕಲೆ. ಮೇಲೆ ಮಣಿಕಟ್ಟಿನ ಹತ್ತಿರ ಅಗಲ, ಕೆಳಗೆ ಸಣ್ಣಗೆ ಇಳಿದು ಮೊಳಕೈ ಹತ್ತಿರ ಮುಗಿದಿತ್ತು.

“ಇದು ಯಾವ ಕಾಯ್ಲೆ ಯೋಳಿ ನೋಡವಾ ಮೇಡಮ್ಮು.”

“ಹುಳುಕಡ್ಡಿ. ಹಳೇದು” ಅಂದೆ.

“ಹುಳುಕಡ್ಡಿ ಗುಂಡುಗಿರ್ತದೆ. ಇದು ಕೆಳುಕ್ಕೆ ಇಳ್ದದೆ ನೋಡಿ. ಕಾಯ್ಲೆ ಇಂಗೆ ಇಳಿಯಾಕಿಲ್ಲ, ಸುರ್ದಿದ್ದು ಇಳೀತದೆ. ಅಪ್ಪನ ಅಂಗ್ಡೀಲಿ ಚಿನ್ನ ತೊಳಿಯೋ ಆಸಿಡ್ಡು. ಎಂಟೊರ್ಸದೋನಿದ್ದಾಗ ಚೆಲ್ಕಂಡೆ.”

ಮೊದಲ ದಿನವೇ ಕಾಂಪೌಂಡರ ಮುಂದೆ ಫೇಲಾದೆ. ಸಿಟ್ಟು ಬಂತು. ಬಂಗಾರದ ಪದಕ ತೆಗೆದುಕೊಂಡು ಬಂದವಳಿಗೆ ಇವರ್ಯಾರು ಪರೀಕ್ಷೆ ಮಾಡೋಕೆ ಅನ್ನಿಸಿತು.

ಆದರೆ ಆ ಮನುಷ್ಯನ ಕೆಲಸ ನೋಡಬೇಕಿತ್ತು. ಬೋಳು ನಾಯಿ ಬಂದರೆ ಮೊದಲು ಅದರ ಮೈ ಮುಟ್ಟುತ್ತಿರಲಿಲ್ಲ, ತಂದವರ ಕೈ ನೋಡುತ್ತಿದ್ದರು. ಅವರ ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ನಾಯಿಯ ಕಿವಿಯಂಚನ್ನು ತಿಕ್ಕುತ್ತಿದ್ದರು. ಕಜ್ಜಿಯ ಹುಳು ಇರುವ ನಾಯಿಯಾದರೆ ಕಿವಿ ತಿಕ್ಕಿದ ತಕ್ಷಣ ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯಲು ಶುರುಮಾಡುತ್ತದೆ. ಬಾಲದ ಬುಡದಲ್ಲಿ ಬೋಳಾಗಿದ್ದರೆ ಚಿಗಟ ಹುಡುಕಿ ಅನ್ನುತ್ತಿದ್ದರು. ತುರಿಕೆಯೇ ಇಲ್ಲದೆ ಎರಡೂ ಪಕ್ಕೆ ಒಂದೇ ಸಮ ಬೋಳಾಗಿದ್ದರೆ ಒಳಗಿನ ಕಾಯಿಲೆ. ನಾಲ್ಕು ಕೂದಲು ಕಿತ್ತು ಗಾಜಿನಲ್ಲಿ ನೋಡಿ, ತುದಿ ಮುರಿದಿದ್ದರೆ “ಇದು ತಾನೇ ಕಚ್ಕಂಡದೆ” ಎಂದೂ, ಬೇರು ಸಮೇತ ಬಂದಿದ್ದರೆ “ಇದು ತಾನಾಗ್ ಉದ್ರದೆ” ಎಂದೂ ಹೇಳುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಬ್ಲೇಡಿನಿಂದ ಚರ್ಮ ಕೆರೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನನ್ನನ್ನು ಕರೆಯುತ್ತಿದ್ದರು. ನಾನು ನೋಡುವಷ್ಟರಲ್ಲಿ ಅವರಿಗೆ ಉತ್ತರ ಗೊತ್ತಿರುತ್ತಿತ್ತು.

“ಚರ್ಮ ಸುಳ್ಳು ಯೋಳಾಕಿಲ್ಲ ಮೇಡಮ್ಮು. ತಂದೋರು ಯೋಳ್ತಾರೆ.” ಇದು ಅವರ ಮಾತು.

ಸಿಟ್ಟು ಮಾತ್ರ ಕೆಟ್ಟ ಸಿಟ್ಟು. ಗ್ಯಾರೇಜಿನವನೊಬ್ಬ ಒಂದು ನಾಯಿ ತಂದಿದ್ದ, ಕಜ್ಜಿಗೆ ಒಳ್ಳೆಯದೆಂದು ಟ್ರಾಕ್ಟರಿನ ಸುಟ್ಟ ಆಯಿಲ್ಲನ್ನು ಅದರ ಮೈತುಂಬ ಸುರಿದಿದ್ದ. ಹೊಟ್ಟೆಯ ಚರ್ಮ ಸುಲಿದು ಕೆಂಪಗಾಗಿತ್ತು, ನಾಯಿ ನಿಲ್ಲಲಾರದೆ ನಡುಗುತ್ತಿತ್ತು. ಆಚಾರ್ರು ಎದ್ದರು. ಬಾಗಿಲ ಚಿಲಕ ಹಾಕಿ ಅವನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದರು. ಇನ್ನೊಂದು ಕೈಯಲ್ಲಿ ನಾಯಿಯ ಮೈಯ ಆಯಿಲ್ ಬಳಿದು ಅವನ ಕೆನ್ನೆಗೆ, ಕತ್ತಿಗೆ, ತುಟಿಗೆ ಸವರಿದರು. “ಅದು ನೆಕ್ಕಂತದೆ ಕಣ್ಲಾ. ನೀನೂ ನೆಕ್ಕು” ಅಂದರು. ಅವನು ಅತ್ತ. ನಾನು ಬಿಡಿಸಲು ಹೋಗಿ ನನ್ನ ಬಿಳಿ ಕೋಟು ಕಪ್ಪಾಯಿತು. ನಾಯಿ ಸಂಜೆಯೊಳಗೆ ಸತ್ತಿತು. ಅವನು ಕೊಟ್ಟ ದೂರಿಗೆ ಮೇಲಿನವರಿಗೆ ಉತ್ತರ ಬರೆದು ಕೊಟ್ಟವಳು ನಾನು.

ಇನ್ನೊಂದು ಸಲ ಕೃಷ್ಣರಾಜಪೇಟೆಯಲ್ಲಿ ಶಿಬಿರ ಇತ್ತು. ತೋಟ ಕಾಯುವ ನಾಯಿಯನ್ನು ಹಿಡಿದುಕೊಂಡು ಒಬ್ಬ ಹಿರಿಯರು ಬಂದಿದ್ದರು. ಕತ್ತಿನ ಸುತ್ತ ಕೂದಲು ಉದುರುತ್ತಿದೆ, ವಾಸನೆ ಬರುತ್ತಿದೆ ಅಂದರು. ಆಚಾರ್ರು ಕತ್ತಿನಲ್ಲಿ ಬೆರಳಾಡಿಸಿದರು. ಬೆರಳು ಒಂದು ಗೆಣ್ಣಿನಷ್ಟು ಮಾಂಸದೊಳಗೆ ಹೋಯಿತು. ಮರಿಯಾಗಿದ್ದಾಗ ಕಟ್ಟಿದ ಕಂಬಿ. ನಾಯಿ ಬೆಳೆದಿತ್ತು, ಕಂಬಿ ಬೆಳೆದಿರಲಿಲ್ಲ. ಆಚಾರ್ರು ಆ ಹಿರಿಯರ ಕೈ ಹಿಡಿದೆಳೆದು ಅವರ ತೋರುಬೆರಳನ್ನೂ ಅದೇ ಗಾಯಕ್ಕೆ ತೂರಿಸಿದರು. “ಇದು ಯಾವ ಕಾಯ್ಲೆ ಅಂತ ಈಗ ನೀವೇ ಯೋಳಿ ಗೌಡ್ರೇ.” ಅವರು ಅಲ್ಲೇ ಕುಸಿದು ವಾಂತಿ ಮಾಡಿಕೊಂಡರು. ಕಂಬಿ ಕತ್ತರಿಸಿ ತೆಗೆದೆವು, ಆ ನಾಯಿ ಬದುಕಿತು.

ಅವತ್ತು ವಾಪಸ್ಸು ಬರುವಾಗ ನಾನು ಕೂಗಾಡಿದೆ. ಜನರ ಮೇಲೆ ಕೈ ಮಾಡುವುದು ತಪ್ಪಲ್ಲವೇ, ನಿಮ್ಮ ನೌಕರಿ ಹೋಗುತ್ತದೆ, ನನ್ನದೂ ಹೋಗುತ್ತದೆ ಎಂದೆ. ಎಲ್ಲ ಕೇಳಿಸಿಕೊಂಡು, “ತಪ್ಪೇಯ. ಆದ್ರೆ ಕಾರಣ ಗೊತ್ತಾದ್ಮೇಲೆ ಸುಮ್ಕಿರಾದು ನಂಗೆ ಬರಾಕಿಲ್ಲ ಮೇಡಮ್ಮು” ಅಂದರು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬೇರೆಯದನ್ನೆಲ್ಲ ಹೇಳಿದ್ದೂ ಇದನ್ನು ಮುಂದಕ್ಕೆ ಹಾಕಲೇ ಇರಬೇಕು.

ಅವರ ಸ್ವಂತ ಊರು ಚಿನಕುರಳಿ ದಾಟಿ ಒಳಗೆ. ಹೆಸರು ಬೇಡ. ಸುತ್ತ ಕಲ್ಲುಕ್ವಾರಿ, ಮನೆಮನೆಯಲ್ಲೂ ಕರೆಯುವ ಹಸು. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನಗಳು. ಊಟಕ್ಕೂ ಪುರುಸೊತ್ತಿಲ್ಲದೆ ಊರೂರು ಸುತ್ತುತ್ತಿದ್ದೆವು. ಒಂದು ಬೆಳಿಗ್ಗೆ ಆ ಊರಿನ ಹಾಲಿನ ಡೈರಿಯ ಸೆಕ್ರೆಟರಿ ಆಚಾರ್ರ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಬೀದಿನಾಯಿ, ಬೆನ್ನ ಮೇಲೆ ಕೂದಲಿಲ್ಲ, ಚರ್ಮ ಹಕ್ಕಳೆಗಟ್ಟಿದೆ. ಊರಲ್ಲಿ ಹತ್ತಾರು ನಾಯಿ ಹೀಗೇ ಆಗಿವೆ, ಏನಿದು ಎಂದು ಕೇಳಿದ್ದ. ಆಚಾರ್ರು ಫೋನನ್ನು ನನಗೆ ತೋರಿಸಿದರು. ಜೀಪಿಗೆ ಲಸಿಕೆಯ ಐಸ್ ಪೆಟ್ಟಿಗೆ ಏರಿಸುತ್ತಿದ್ದೆ.

“ಕಜ್ಜಿ. ಅಂಟುರೋಗ. ಮಕ್ಕಳಿಗೂ ಬರುತ್ತೆ, ದನಗಳಿಂದ ದೂರ ಇಡಿ ಅಂತ ಹೇಳಿ” ಎಂದೆ.

“ಕೆರ್ಕತದಾ ಅಂತ ಕೇಳುದ್ರಾ?”

“ಫೋಟೋದಲ್ಲಿ ಕೆರೆದುಕೊಳ್ಳೋದು ಕಾಣುತ್ತಾ ಆಚಾರ್ರೇ?”

“ಅದ್ಕೇ ಕೇಳಿದ್ದು. ಒಂದ್ಸಲ ಹೋಗಿ ನೋಡ್ಕಂಡು ಬಂದ್ಬುಡವಾ.”

“ಇಲ್ಲಿ ಡಾಕ್ಟ್ರು ನಾನಾ, ನೀವಾ? ಹೇಳಿ ಅಂದ್ರೆ ಹೇಳಿ” ಎಂದು ರೇಗಿದೆ. ಅವರು ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು ಜೀಪಿಗೆ ಏರಿಸಿದರು. ಆಮೇಲೆ ಫೋನು ಮಾಡಿ ನಾನು ಹೇಳಿದ್ದನ್ನು ಹೇಳಿದರು. ಮೇಡಂ ಹೇಳಿದ್ದು ಎಂದು ಸೇರಿಸಲಿಲ್ಲ, ಎಲ್ಲರ ಹತ್ತಿರವೂ ಅವರು ಮಾತಾಡುತ್ತಿದ್ದುದೇ ಹಾಗೆ. ಆ ಊರಿನವರ ಕಿವಿಗೆ ಅದು ಆಚಾರ್ರ ಮಾತಾಗಿಯೇ ಹೋಯಿತು.

ಮೂರನೆಯ ದಿನ ಮಧ್ಯಾಹ್ನ ಸೆಕ್ರೆಟರಿಯ ಫೋನು. “ಏಳು ನಾಯಿ ಮುಗ್ಸಿದ್ದೀವಿ. ಇನ್ನೈದು ಕಟ್ಟಾಕಿವಿ. ಅವುಕ್ಕೆ ನೀವೇ ಬಂದು ಸಾಯೋ ಸೂಜಿ ಆಕ್ತೀರೋ, ನಾವೇ ಒಡ್ಯವಾ?”

ತಕ್ಷಣ ಜೀಪು ಹತ್ತಿದೆವು. ಡೈರಿಯ ಹಿಂದಿನ ಬಯಲಿಗೆ ಹೋದೆವು. ಟ್ರಾಕ್ಟರಿನ ಟ್ರೈಲರಿನಲ್ಲಿ ಏಳು ನಾಯಿಗಳು ಒಂದರ ಮೇಲೊಂದು ಬಿದ್ದಿದ್ದವು. ತಲೆಗಳು ತಲೆಗಳಾಗಿ ಉಳಿದಿರಲಿಲ್ಲ. ಕ್ವಾರಿಯ ಸುತ್ತಿಗೆಯಲ್ಲಿ, ಹಾರೆಯಲ್ಲಿ ಹೊಡೆದಿದ್ದರು. ಮೂವತ್ತು ನಲವತ್ತು ಗಂಡಸರು, ಅರ್ಧ ಜನರ ಕೈಯಲ್ಲಿ ಇನ್ನೂ ಅವೇ ಇದ್ದವು. ಅವರನ್ನು ರಾಕ್ಷಸರು ಅಂದುಬಿಟ್ಟರೆ ನನಗೆ ಸುಲಭ. ಅವರು ಬೆಳಗಿನ ಹಾಲು ಹಾಕಿ ಬಂದ ಜನ, ಮನೆಯಲ್ಲಿ ಮಕ್ಕಳಿದ್ದವರು, ಅಂಟುರೋಗ ಅಂದಿದ್ದಕ್ಕೆ ಹೆದರಿದವರು. ಹೆದರಿಸಿದವಳು ನಾನು.

ಉಳಿದ ಐದು ನಾಯಿಗಳನ್ನು ಹಸು ಕಟ್ಟುವ ಗೂಟಗಳಿಗೆ ಕಟ್ಟಿದ್ದರು. ಆಚಾರ್ರು ಮೊದಲನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತು ಕಿವಿ ತಿಕ್ಕಿದರು. ಕಾಲು ಆಡಲಿಲ್ಲ. ಎರಡನೆಯದು, ಮೂರನೆಯದು. ಯಾವುದರ ಕಾಲೂ ಆಡಲಿಲ್ಲ. ನಾಲ್ಕನೆಯದು ಬಿಳಿ ನಾಯಿ. ಬೋಳು ಜಾಗದ ಸುತ್ತಲ ಕೂದಲು ಅರಿಶಿಣ ಹಚ್ಚಿದ ಹಾಗೆ ಹಳದಿಯಾಗಿತ್ತು. ಬೆನ್ನ ಮೇಲೆ ಅಗಲವಾಗಿ ಹೋಗಿದ್ದ ಗಾಯ ಪಕ್ಕೆಯ ಮೇಲೆ ಸಣ್ಣ ಸಣ್ಣ ಎಳೆಗಳಾಗಿ ಕೆಳಗಿಳಿದಿತ್ತು. ಆಚಾರ್ರು ಗಾಜನ್ನು ಕಣ್ಣಿಗೆ ಕಚ್ಚಿಸಿಕೊಂಡು ನೋಡಿದರು. ತೆಗೆದರು. ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಸುಮ್ಮನೆ ಕೂತುಬಿಟ್ಟರು, ಒಂದು ಕೈ ನಾಯಿಯ ತಲೆಯ ಮೇಲೆ. ತೋಳು ಮಡಿಸಿದ್ದರಿಂದ ಅವರ ಮುಂಗೈಯ ಕಲೆ ನನಗೆ ಕಾಣುತ್ತಿತ್ತು. ನಾಯಿಯ ಪಕ್ಕೆಯಲ್ಲಿದ್ದದ್ದೂ ಅದೇ ಕಲೆ.

ನನಗೆ ಅರ್ಥವಾಯಿತು. ಆ ಊರಲ್ಲಿ ಚಿನ್ನದ ಕೆಲಸದ ಅಂಗಡಿ ಇದ್ದದ್ದು ಒಂದೇ, ಅವರ ಅಣ್ಣನದು. ಜಗಲಿಯ ಮೇಲೆ ನಾಯಿಗಳು ಮಲಗುತ್ತವೆ ಎಂದು ಆ ಅಣ್ಣ ಗೊಣಗುತ್ತಿದ್ದುದನ್ನು ಆಚಾರ್ರೇ ನನ್ನ ಹತ್ತಿರ ನಗುತ್ತಾ ಹೇಳಿದ್ದರು. ಆಸಿಡ್ಡು ಅಂದರೆ ಅಣ್ಣನನ್ನು ಈ ಸುತ್ತಿಗೆಗಳ ಮುಂದೆ ನಿಲ್ಲಿಸಿದಂತೆ. ಕಜ್ಜಿ ಅಂದರೆ ಐದು ನಾಯಿ ಸಾಯುತ್ತವೆ, ಮನೆಯ ಮಾನ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಅವರು ಕಜ್ಜಿ ಅಂದುಬಿಡಲಿ ಎಂದು ನಾನು ಆಸೆಪಟ್ಟೆ.

“ಏನಂತದೆ ಆಚಾರಿ ನಿನ್ ಗಾಜು? ಬ್ಯಾಗ ಯೋಳು” ಎಂದು ಒಬ್ಬ ಹಿಂದಿನಿಂದ ಕೇಳಿದ. ಆಚಾರ್ರು ಉತ್ತರ ಕೊಡಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದರೋ. ತಾಳ್ಮೆ ಕೆಟ್ಟ ಇನ್ನೊಬ್ಬ ಮುಂದೆ ಬಂದು, “ಇದ್ರಲ್ಲಿ ನೋಡೋದೇನದೆ, ಅತ್ಲಾಗೋಗು” ಎಂದು ಸುತ್ತಿಗೆ ಎತ್ತಿ ಬಿಟ್ಟ. ಆಚಾರ್ರ ಕೈ ಇನ್ನೂ ಆ ಬಿಳಿ ನಾಯಿಯ ತಲೆಯ ಮೇಲಿಂದ ಪೂರ್ತಿ ಸರಿದಿರಲಿಲ್ಲ. ನಾಯಿ ಒಂದು ಸಲ ಮಾತ್ರ ಕೂಗಿತು. ರಕ್ತ ಅವರ ಮುಖಕ್ಕೆ, ಗಾಜಿಗೆ, ಅಂಗಿಗೆ ಹಾರಿತು.

ಅವರು ಎದ್ದು ನಿಂತರು. ಮುಖ ಒರೆಸಿಕೊಳ್ಳಲಿಲ್ಲ.

“ಇದು ಕಜ್ಜಿ ಅಲ್ಲ. ಸತ್ತಿರೋ ಒಂದುಕ್ಕೂ ಕಾಯ್ಲೆ ಇರ್ನಿಲ್ಲ. ಇದು ಆಸಿಡ್ಡು. ಈ ಊರಲ್ಲಿ ಆಸಿಡ್ಡು ಇರಾದು ಒಂದೇ ಮನೇಲಿ. ನಮ್ಮನೇಲಿ” ಅಂದರು.

ಸೆಕ್ರೆಟರಿ ಕೇಳಿದ: “ಮತ್ತೆ ಕಜ್ಜಿ, ಅಂಟುರೋಗ ಅಂತ ಫೋನ್‌ನಲ್ಲಿ ಯೋಳ್ದೋನು ನೀನೇ ಅಲ್ವೇನಯ್ಯ? ನಿನ್ ಮಾತು ಕಟ್ಕಂಡು ನಾವು ಇಷ್ಟು ಜೀವ ತಗದ್ವಲ್ಲ?”

ಆಗ ನಾನು ಬಾಯಿ ಬಿಡಬೇಕಿತ್ತು. ನಾನು ಹೇಳಿಸಿದ್ದು ಅನ್ನುವುದಕ್ಕೆ ಎಷ್ಟು ಉಸಿರು ಬೇಕು? ನಾನು ಬ್ಯಾಗಿನ ಜಿಪ್ಪು ತೆಗೆದೆ, ಹಾಕಿದೆ. ಆಚಾರ್ರು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. “ಊಂ, ಯೋಳ್ದೋನು ನಾನೇಯ” ಅಂದರು.

ಆಮೇಲಿನದ್ದು ಬಹಳ ಬೇಗ ನಡೆಯಿತು. ತಮ್ಮ ಕೈಗೆ ಅಂಟಿದ್ದ ರಕ್ತವನ್ನು ಯಾರ ಮೇಲಾದರೂ ಒರೆಸಬೇಕಾಗಿತ್ತು ಆ ಜನಕ್ಕೆ. ಅಂಗಡಿಗೆ ನುಗ್ಗಿದರು. ಅಣ್ಣನನ್ನು ಕೂತಲ್ಲಿಂದ ಎಳೆದರು. “ಜಗ್ಲಿ ಬುಡ್ಲಿ ಅಂತ ವಸಿ ಎರಚ್ದೆ ಕಣ್ರಪ್ಪಾ, ಸಾಯ್ಲಿ ಅಂತಲ್ಲ” ಎಂದು ಆತ ಕೈಮುಗಿಯುತ್ತಿದ್ದ. ಆ ಬಲಗೈಯನ್ನೇ ಹಿಡಿದು ಅವನು ಚಿನ್ನ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು ಹೊಡೆದರು. ಎರಡನೆಯ ಪೆಟ್ಟಿಗೆ ಆಚಾರ್ರು ಅಡ್ಡ ಬಿದ್ದರು. ಅಣ್ಣನ ಮೇಲೆ ಕವುಚಿಕೊಂಡು ಮಲಗಿದ ಅವರ ಬೆನ್ನಿಗೆ, ಹೆಗಲಿಗೆ, ದವಡೆಗೆ ಪೆಟ್ಟು ಬೀಳುತ್ತಿತ್ತು. ನಾನು ಕಿರುಚಿದೆ, ಕಾಲು ಹಿಡಿದೆ, ಪೊಲೀಸರಿಗೆ ಫೋನು ಮಾಡಿದೆ. ಹೇಳಬೇಕಾದ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಮಾಡಿದೆ.

ಅಣ್ಣ ತಮ್ಮ ಇಬ್ಬರನ್ನೂ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚದಲ್ಲಿ ಮಲಗಿಸಿದ್ದರು. ಮಾರನೆಯ ದಿನ ಹೋದೆ. ಆಚಾರ್ರ ಹೆಗಲು ಮುರಿದಿತ್ತು, ಮುಂದಿನ ಹಲ್ಲು ಮೂರು ಹೋಗಿದ್ದವು. ನನ್ನನ್ನು ನೋಡಿ ಅವರು ಕೇಳಿದ್ದು, “ಮಿಕ್ಕಿದ್ ನಾಕು ಏನಾದ್ವು?”

“ಇವೆ. ಗಾಯ ತೊಳೆದು ಮುಲಾಮು ಹಚ್ಚಿದ್ದೀನಿ.”

“ಬಿಳೀದು ನನ್ನಿಂದ ಹೋಯ್ತು. ವಸಿ ಮುಂಚೆ ಬಾಯ್ ಬುಟ್ಟಿದ್ರೆ ಉಳೀತಿತ್ತು” ಎಂದು ಗೋಡೆಯ ಕಡೆ ತಿರುಗಿಕೊಂಡರು. ಸುಮ್ಮನಿದ್ದ ಆ ಒಂದು ಗಳಿಗೆಗಾಗಿ ಅವರು ತಮ್ಮನ್ನು ಕ್ಷಮಿಸಿಕೊಳ್ಳಲೇ ಇಲ್ಲ. ಪಕ್ಕದಲ್ಲೇ ಕೂತಿದ್ದ ನನಗೆ ಆಗಲೂ ಬಾಯಿ ಬರಲಿಲ್ಲ.

ವಾಸಿಯಾಗಿ ಕೆಲಸಕ್ಕೆ ಬಂದರು. ಅವರ ಮೇಲೆ ವಿಚಾರಣೆಯಾಯಿತು, ತಪ್ಪು ಮಾಹಿತಿ ಕೊಟ್ಟರೆಂದು. ಅವರು ಹೌದು ಅಂದರು, ಬಡ್ತಿ ನಿಂತಿತು. ಆ ವಿಚಾರಣೆಯ ವರದಿಯ ಕೆಳಗೆ ಮೇಲಧಿಕಾರಿಯೆಂದು ಸಹಿ ಹಾಕಿದವಳೂ ನಾನೇ. ಆಮೇಲೂ ಬೋಳು ನಾಯಿ ಬಂದರೆ ಕಿವಿ ತಿಕ್ಕಿ ನನ್ನನ್ನು ಕರೆಯುತ್ತಿದ್ದರು, ಏನೂ ಆಗದವರ ಹಾಗೆ. ಜನರ ಮೇಲೆ ಕೈ ಮಾಡುವುದು ಮಾತ್ರ ನಿಂತುಹೋಗಿತ್ತು. ನನಗೆ ಶ್ರೀರಂಗಪಟ್ಟಣಕ್ಕೆ ವರ್ಗವಾದಾಗ ಬದುಕಿಕೊಂಡೆ ಅನ್ನಿಸಿತು. ಅವರು ನಿವೃತ್ತರಾದ ದಿನ ಹೂವಿನ ಹಾರ ಕಳಿಸಿದೆ, ನಾನು ಹೋಗಲಿಲ್ಲ.

ಆಚಾರ್ರ ತಿಥಿಗೆ ಹೋದೆ. ಅದೇ ಊರು, ಅದೇ ಜಗಲಿ. ಅಂಗಡಿ ಯಾವತ್ತೋ ಮುಚ್ಚಿತ್ತು. ಅಣ್ಣ ಬಾಗಿಲಲ್ಲಿ ಕೂತಿದ್ದರು, ಬಲಗೈ ಮುರುಟಿ ಎದೆಗೆ ಅಂಟಿಕೊಂಡಿತ್ತು. ಅವರ ಕಾಲ ಹತ್ತಿರ ಒಂದು ಮುದಿ ನಾಯಿ ಮಲಗಿತ್ತು. ಬೆನ್ನ ಮೇಲಿಂದ ಪಕ್ಕೆಗೆ ಇಳಿದ ಬೋಳು ಕಲೆ. ಉಳಿದ ನಾಲ್ಕರಲ್ಲಿ ಒಂದು. ಅಣ್ಣ ಎಡಗೈಯಲ್ಲಿ ಎಲೆಯಿಂದ ಅನ್ನ ತೆಗೆದು ಅದರ ಮುಂದೆ ಇಡುತ್ತಿದ್ದರು.

ನಾನು ಅವರ ಮುಂದೆ ನೆಲದ ಮೇಲೆ ಕೂತೆ. “ಯಜಮಾನ್ರೇ, ಅವತ್ತು ಕಜ್ಜಿ ಅಂತ ಹೇಳಿದ್ದು ನಿಮ್ಮ ತಮ್ಮ ಅಲ್ಲ. ಅವರು ಹೋಗಿ ನೋಡೋಣ ಅಂದ್ರು. ನಾನೇ ರೇಗಿ ಹೇಳಿಸಿದ್ದು” ಎಂದೆ. ಅಳು ಬಂತು.

ಅವರು ಅನ್ನ ಇಡುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಕಣವ್ವ. ಆಸ್ಪತ್ರೇಲಿ ಪಕ್ಕದ್ ಮಂಚದಲ್ಲಿ ಮನಿಕ್ಕಂಡು ಅವನೇ ಯೋಳಿದ್ದ. ನಂಗೆ ತಡೀನಿಲ್ಲ, ಊರ್ಗೆಲ್ಲ ಸಾರ್ತೀನಿ ಅಂದೆ. ಬ್ಯಾಡ ಅಂದ. ‘ನಿನ್ ತಪ್ಪ ನಾನ್ ಯೋಳಿವ್ನಿ ಕಣಣ್ಣ. ಅವರ್ ತಪ್ಪ ಅವರೇ ಬಂದು ಯೋಳ್ತಾರೆ, ಕಾದಿರು’ ಅಂದ.”

ನಾಯಿ ಅನ್ನ ಮುಗಿಸಿ ತಲೆ ಎತ್ತಿತು. ಅವರು ಎಡಗೈಯನ್ನು ಪಂಚೆಗೆ ಒರೆಸಿಕೊಂಡರು.

“ಒಂಬತ್ತು ವರ್ಸ ಕಾದ ಕಣವ್ವ” ಅಂದರು.